ಮೂರು ತಲೆಮಾರು, ಒಂದು ನೆಪ: ಗೇಮ್‌ನ ವಿಜ್ಞಾನಿಗೆ ನಿಜಕ್ಕೂ ಗೊತ್ತಿರಲಿಲ್ವಾ?

ಇವತ್ತಿನ ಕಥೆ ಒಂದು ಲಾಕರ್‌ನಿಂದ ಶುರುವಾಗುತ್ತೆ. ಮೊದಲೇ ಹೇಳಿಬಿಡ್ತೀನಿ, ಮೆಟಲ್ ಗೇರ್ ಸರಣಿಯ ಗೇಮ್‌ಗಳನ್ನ ಇನ್ನೂ ಆಡದೇ ಇರೋರಿಗೆ ಇದರಲ್ಲಿ ಸ್ಪಾಯ್ಲರ್‌ಗಳಿವೆ.

1998ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಗೇಮ್ 'ಮೆಟಲ್ ಗೇರ್ ಸಾಲಿಡ್'. ಹಿಡಿಯೊ ಕೊಜಿಮಾ ನಿರ್ದೇಶನ. ಅಲಾಸ್ಕಾದ ಒಂದು ದ್ವೀಪದಲ್ಲಿರೋ ಪರಮಾಣು ಅಸ್ತ್ರಗಳ ನೆಲೆ ಭಯೋತ್ಪಾದಕರ ಕೈಗೆ ಸಿಕ್ಕಿದೆ. ಸ್ನೇಕ್ ಅನ್ನೋ ಯೋಧ ಒಬ್ಬನೇ ಒಳಗೆ ನುಸುಳಿ ಒಬ್ಬ ಎಂಜಿನಿಯರ್‌ನನ್ನ ಹುಡುಕ್ತಾನೆ. ಆತ ಸಿಗೋದು ಲ್ಯಾಬ್‌ನಲ್ಲಿ. ಅಲ್ಲಿ ಹೊಡೆದಾಟ ಶುರುವಾದ ತಕ್ಷಣ ಹೆದರಿ ಲಾಕರ್ ಒಳಗೆ ಅವಿತುಕೊಳ್ತಾನೆ. ಅವನೇ ಹ್ಯಾಲ್ ಎಮ್ಮೆರಿಕ್. ಕನ್ನಡಕ, ಅನಿಮೆ ಹುಚ್ಚು, ಮೆತ್ತನೆ ಮಾತು. ಎಲ್ಲರೂ ಕರೆಯೋದು ಒಟಕಾನ್ ಅಂತ.

ನೋಡಿದ್ರೆ ಪಾಪ ಅನ್ಸುತ್ತೆ. ಆದರೆ ಈ ಪಾಪದ ಮನುಷ್ಯ ಕಟ್ಟಿರೋದು 'ರೆಕ್ಸ್' ಅನ್ನೋ ನಡೆದಾಡುವ ಯಂತ್ರವನ್ನ. ಶತ್ರುವಿನ ಕ್ಷಿಪಣಿ ತಡೆಯೋಕೆ ಅಂತ ಅವನು ನಂಬಿದ್ದ. ಅದು ಎಲ್ಲಿಂದ ಬೇಕಾದ್ರೂ ಅಣುಬಾಂಬ್ ಎಸೆಯೋ ಯಂತ್ರ ಅಂತ ಸ್ನೇಕ್ ಹೇಳಿದಾಗ ಕುಸಿದುಹೋಗ್ತಾನೆ. ಅವನ ಮಾತಿನ ಸಾರ ಇಷ್ಟೇ: ನನಗೆ ಗೊತ್ತಿರಲಿಲ್ಲ.

ನಂಬೋದಾ? ಇಲ್ಲಿ ಗೇಮ್ ಒಂದು ಜಾಣತನ ಮಾಡುತ್ತೆ. ಒಟಕಾನ್ ತನ್ನ ಮನೆತನದ ಕಥೆ ಹೇಳ್ತಾನೆ. ಅಜ್ಜ ಮ್ಯಾನ್‌ಹಟನ್ ಯೋಜನೆಯಲ್ಲಿ, ಅಂದ್ರೆ ಅಮೆರಿಕದ ಮೊದಲ ಅಣುಬಾಂಬ್ ತಯಾರಿಯಲ್ಲಿ ಕೆಲಸ ಮಾಡಿದವರು. ಆ ಪಾಪಪ್ರಜ್ಞೆ ಅವರನ್ನ ಕೊನೇವರೆಗೂ ಬಿಡಲಿಲ್ಲ. ಅಪ್ಪ ಹುಟ್ಟಿದ್ದು 1945ರ ಆಗಸ್ಟ್ 6ರಂದು, ಹಿರೋಷಿಮಾ ಮೇಲೆ ಬಾಂಬ್ ಬಿದ್ದ ದಿನವೇ. ಅಂಥ ಮನೆಯ ಹುಡುಗ, ತಾನು ಕಟ್ತಿರೋದು ಏನು ಅಂತ ಯಾಕೆ ಕೇಳಲಿಲ್ಲ?

ಅಜ್ಜನ ಪಾತ್ರ ಕಲ್ಪನೆ. ಆದರೆ ಆ ಅಜ್ಜ ಇದ್ದ ಜಾಗ ನಿಜ. ಅಲ್ಲಿಗೇ ಹೋಗೋಣ.

ನ್ಯೂ ಮೆಕ್ಸಿಕೊದ ಲಾಸ್ ಅಲಾಮೋಸ್‌ಗೆ 1944ರ ಆರಂಭದಲ್ಲಿ ಜೋಸೆಫ್ ರಾಟ್‌ಬ್ಲಾಟ್ ಬಂದ್ರು. ಪೋಲೆಂಡ್‌ನಲ್ಲಿ ಹುಟ್ಟಿದ ಯಹೂದಿ ಭೌತವಿಜ್ಞಾನಿ. ಯುದ್ಧ ಶುರುವಾದಾಗ ಇವರು ಇಂಗ್ಲೆಂಡ್‌ನಲ್ಲಿದ್ರು. ಹೆಂಡತಿ ಟೋಲಾ ಪೋಲೆಂಡ್‌ನಲ್ಲೇ ಉಳಿದು, ನಾಜಿಗಳ ನರಮೇಧಕ್ಕೆ ಬಲಿಯಾದ್ರು. ರಾಟ್‌ಬ್ಲಾಟ್ ಏನೂ ಅರಿಯದೆ ಬಾಂಬ್ ಕೆಲಸಕ್ಕೆ ಬಂದವರಲ್ಲ. ಹಿಟ್ಲರ್ ಕೈಗೆ ಬಾಂಬ್ ಸಿಕ್ಕಿದ್ರೆ ಏನು ಗತಿ, ಅವನನ್ನ ತಡೆಯೋಕೆ ನಮ್ಮ ಹತ್ರವೂ ಒಂದು ಇರಬೇಕು ಅನ್ನೋದು ಅವರ ಲೆಕ್ಕ. ಆ ಲೆಕ್ಕವನ್ನ ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ.

ಅದೇ ವರ್ಷ ಮಾರ್ಚ್‌ನಲ್ಲಿ ಒಂದು ರಾತ್ರಿ ಊಟ. ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್, ಈ ಬಾಂಬ್‌ನ ನಿಜವಾದ ಗುರಿ ಸೋವಿಯತ್ ರಷ್ಯಾವನ್ನ ಹದ್ದುಬಸ್ತಿನಲ್ಲಿ ಇಡೋದು ಅನ್ನೋ ಅರ್ಥದಲ್ಲಿ ಮಾತಾಡಿದ್ರು ಅಂತ ರಾಟ್‌ಬ್ಲಾಟ್ ಮುಂದೆ ನೆನಪಿಸಿಕೊಂಡಿದ್ದಾರೆ. ವರ್ಷದ ಕೊನೆಗೆ, ಜರ್ಮನಿ ಬಾಂಬ್ ಮಾಡೋ ಪ್ರಯತ್ನ ಕೈಬಿಟ್ಟಿದೆ ಅನ್ನೋ ಸುದ್ದಿ ಬಂತು. ಅಂದ್ರೆ, ಬಂದ ಕಾರಣವೇ ಹೋಯ್ತು. ಅವರು ಕೆಲಸ ಬಿಟ್ಟು ಹೊರಟ್ರು. ನಿಜವಾದ ಕಾರಣ ಸಹೋದ್ಯೋಗಿಗಳಿಗೆ ಹೇಳೋ ಹಾಗಿರಲಿಲ್ಲ. ಅವರನ್ನ ಗೂಢಚಾರ ಅಂತ ಅನುಮಾನಿಸಿದವರೂ ಇದ್ರು.

ಉಳಿದವರು? ಅವರೆಲ್ಲ ಕೆಟ್ಟವರೇನಲ್ಲ. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯ್ತು. ಲಾಸ್ ಅಲಾಮೋಸ್‌ನಲ್ಲಿ ಕೆಲಸ ನಿಲ್ಲಲಿಲ್ಲ. ಜಪಾನ್ ಜೊತೆ ಯುದ್ಧ ಇನ್ನೂ ನಡೀತಿತ್ತು. ಕೆಲವರಿಗೆ ಸೈನಿಕರ ಜೀವ ಉಳಿಸೋ ಆಸೆ. ಕೆಲವರಿಗೆ ಲೆಕ್ಕ ಸರಿಯಾಗಿದೆಯಾ ಅಂತ ನೋಡೋ ಕುತೂಹಲ. ಜುಲೈ 16ರಂದು ಮರುಭೂಮಿಯಲ್ಲಿ ಪರೀಕ್ಷೆ. ಮೂರು ವಾರಕ್ಕೆ ಹಿರೋಷಿಮಾ.

ಈಗ ವಾಪಸ್ ಗೇಮ್‌ಗೆ ಬರೋಣ. ಎಮ್ಮೆರಿಕ್ ಮನೆತನದ ಮಧ್ಯದ ತಲೆಮಾರು ಇದೆಯಲ್ಲ, ಒಟಕಾನ್‌ನ ಅಪ್ಪ ಹ್ಯೂಯಿ, ಆತ 2015ರ 'ದಿ ಫ್ಯಾಂಟಮ್ ಪೇನ್'ನಲ್ಲಿ ಬರ್ತಾನೆ. ಮಹಾ ಪ್ರತಿಭಾವಂತ. ತಾನು ಕಟ್ಟಿದ ಯಂತ್ರದ ಪ್ರಯೋಗಕ್ಕೆ ಹೆತ್ತ ಮಗನನ್ನೇ ಬಳಸಿಕೊಂಡವನು. ಸಂಗಡಿಗರು ಸಾಕ್ಷಿಗಳನ್ನ ಮುಂದಿಟ್ಟು ವಿಚಾರಣೆ ಮಾಡ್ತಾರೆ. ಕೊನೆಗೆ ಅವನನ್ನ ದೋಣಿಯಲ್ಲಿ ಕೂರಿಸಿ ಸಮುದ್ರಕ್ಕೆ ಬಿಡುವಾಗಲೂ, ತನ್ನದೇನೂ ತಪ್ಪಿಲ್ಲ ಅನ್ನೋದೇ ಅವನ ಮಾತು. ಅವನ ಸುಳ್ಳನ್ನ ಎಲ್ಲರಿಗಿಂತ ಗಟ್ಟಿಯಾಗಿ ನಂಬಿರೋದು ಅವನೇ.

ಅಪ್ಪನಿಗೂ ಮಗನಿಗೂ ಬುದ್ಧಿಯಲ್ಲಿ ವ್ಯತ್ಯಾಸ ಇಲ್ಲ. ಇಬ್ಬರ ಕೈಯೂ ಕೊಳೆಯಾಗಿದೆ. ವ್ಯತ್ಯಾಸ ಇರೋದು ಗೊತ್ತಾದ ಮೇಲಿನ ನಡತೆಯಲ್ಲಿ. ಮಗ 'ಗೊತ್ತಿರಲಿಲ್ಲ' ಅಂದು ಅಲ್ಲಿಗೇ ನಿಲ್ಲಿಸಲ್ಲ. ಲಾಕರ್‌ನಿಂದ ಹೊರಗೆ ಬಂದು, ತಾನೇ ಕಟ್ಟಿದ ಯಂತ್ರವನ್ನ ಕೆಡವೋಕೆ ಸ್ನೇಕ್‌ಗೆ ದಾರಿ ತೋರಿಸ್ತಾನೆ.

ಆದರೂ ಗೇಮ್ ಅವನಿಗೆ ಪೂರ್ತಿ ಕ್ಷಮೆ ಕೊಡಲ್ಲ. 2001ರ ಎರಡನೇ ಭಾಗದ ಹೊತ್ತಿಗೆ ರೆಕ್ಸ್‌ನ ನಕ್ಷೆಗಳು ಕಳ್ಳಸಂತೆಗೆ ಹೋಗಿ, ಅದರ ನಕಲುಗಳು ಬೇರೆ ಬೇರೆ ದೇಶಗಳಲ್ಲಿ ತಲೆಯೆತ್ತಿವೆ. ಅವುಗಳ ವಿರುದ್ಧ ಹೋರಾಡೋಕೆ ಅವನು ಸ್ನೇಕ್ ಜೊತೆ ಸೇರಿ ಒಂದು ಸಂಘಟನೆ ಕಟ್ತಾನೆ. ಯಂತ್ರ ಒಂದು ಸಲ ಕಾಗದದ ಮೇಲೆ ಬಂದ್ರೆ, ಬರೆದವನು ಎಷ್ಟೇ ಅತ್ತರೂ ಅಳಿಸೋಕಾಗಲ್ಲ.

ರಾಟ್‌ಬ್ಲಾಟ್ ಕಥೆಯೂ ಅದೇ. ಅವರು ಬಿಟ್ಟುಬಂದ್ರೂ ಬಾಂಬ್ ತಯಾರಾಯ್ತು, ಎರಡು ಊರು ಸುಟ್ಟುಹೋಯ್ತು. ಹಾಗಂತ ಅವರು ಸುಮ್ಮನೆ ಕೂರಲಿಲ್ಲ. ಲಂಡನ್‌ನ ಆಸ್ಪತ್ರೆಯೊಂದರ ವೈದ್ಯಕೀಯ ಕಾಲೇಜಿನಲ್ಲಿ, ತಮ್ಮ ವಿದ್ಯೆಯನ್ನ ವೈದ್ಯಕೀಯ ಭೌತವಿಜ್ಞಾನಕ್ಕೆ ತಿರುಗಿಸಿದ್ರು. 1957ರಲ್ಲಿ ಕೆನಡಾದ ಪಗ್‌ವಾಶ್ ಅನ್ನೋ ಪುಟ್ಟ ಊರಿನಲ್ಲಿ, ಅಮೆರಿಕ-ರಷ್ಯಾ ಎರಡೂ ಕಡೆಯ ವಿಜ್ಞಾನಿಗಳನ್ನ ಒಂದೇ ಕಡೆ ಕೂರಿಸಿದವರಲ್ಲಿ ಅವರೂ ಒಬ್ಬರು. 1995ರಲ್ಲಿ ಅವರಿಗೂ ಪಗ್‌ವಾಶ್ ಸಂಘಟನೆಗೂ ಶಾಂತಿ ನೊಬೆಲ್ ಬಂತು. ಕೆಲಸ ಬಿಟ್ಟು ಐವತ್ತು ವರ್ಷದ ಮೇಲೆ.

ಗೇಮ್‌ನಲ್ಲಿ ತಪ್ಪಾದ್ರೆ ಹಿಂದಿನ ಸೇವ್‌ಗೆ ಹೋಗಬಹುದು. ಲಾಸ್ ಅಲಾಮೋಸ್‌ನಲ್ಲಿ ಆ ಬಟನ್ ಇರಲಿಲ್ಲ. ಅಲ್ಲಿ ಇದ್ದಿದ್ದು ಒಂದು ಬಾಗಿಲು ಮಾತ್ರ. ಅದು ಎಲ್ಲರಿಗೂ ತೆರೆದೇ ಇತ್ತು. ಕೇಳುಗರಲ್ಲಿ ಬಹಳಷ್ಟು ಜನ ಎಂಜಿನಿಯರಿಂಗ್ ಓದ್ತಿರಬಹುದು, ಕೋಡ್ ಬರೀತಿರಬಹುದು. ಇದು ಯಾಕೆ, ಯಾರಿಗೆ ಅಂತ ಕೇಳೋ ಹೊತ್ತು ನಿಮಗೂ ಬರುತ್ತೆ. ಕೇಳಿ. ಆಮೇಲೆ 'ಗೊತ್ತಿರಲಿಲ್ಲ' ಅನ್ನೋಕಿಂತ ಅದು ವಾಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.