ಹೆಣದ ಕೋಣೆಯಿಂದ ಹಾಸ್ಯಪತ್ರಿಕೆಗೆ

ವೈದ್ಯಕೀಯ ಓದುತ್ತಿರುವ ಮಗ ರಾತ್ರಿ ಕುಳಿತು ಕಥೆ ಬರೆಯುತ್ತಾನೆಂದು ತಿಳಿದರೆ ಯಾವ ಮನೆಯಲ್ಲೂ ಕೇಳಿಬರುವ ಮಾತು ಒಂದೇ: ‘ಮೊದಲು ಓದು ಮುಗಿಯಲಿ, ಆಮೇಲೆ ಅದೆಲ್ಲ ಇದ್ದದ್ದೇ.’ ಎರಡು ದೋಣಿಯಲ್ಲಿ ಕಾಲಿಟ್ಟವನು ನೀರುಪಾಲಾದಾನು ಎಂಬ ಭಯ ಹಿರಿಯರದು. ರಷ್ಯನ್ನರಲ್ಲೂ ಇದೇ ಅರ್ಥದ ಗಾದೆಯೊಂದಿದೆ. ಅಲ್ಲಿ ದೋಣಿಯ ಬದಲು ಮೊಲ. ಎರಡು ಮೊಲಗಳ ಬೆನ್ನು ಹತ್ತಿದವನಿಗೆ ಒಂದೂ ಸಿಕ್ಕುವುದಿಲ್ಲ. ಈ ಗಾದೆ ತನ್ನ ನಿದ್ದೆ ಕೆಡಿಸಿದಷ್ಟು ಬೇರಾರ ನಿದ್ದೆಯನ್ನೂ ಕೆಡಿಸಿರಲಾರದು ಎಂದು 1886ರಲ್ಲಿ ಇಪ್ಪತ್ತಾರರ ಹರೆಯದ ಮಾಸ್ಕೋದ ವೈದ್ಯನೊಬ್ಬ ಹಿರಿಯ ಸಾಹಿತಿಯೊಬ್ಬರಿಗೆ ಪತ್ರ ಬರೆದ. ಆತನೇ ಆಂಟನ್ ಚೆಕಾವ್.

ಚೆಕಾವ್ ವೈದ್ಯನೂ ಆಗಿದ್ದನೆಂಬುದು ಅನೇಕರಿಗೆ ಗೊತ್ತು. ಆದರೆ ಆತ ಕಥೆಗಾರನಾದದ್ದು ವೈದ್ಯಕೀಯ ಓದುತ್ತಿದ್ದ ಐದು ವರ್ಷಗಳಲ್ಲೇ, ಅದೂ ಹವ್ಯಾಸಕ್ಕಲ್ಲ, ಮನೆಯವರ ಹೊಟ್ಟೆ ತುಂಬಿಸಲು ಎಂಬುದು ಅಷ್ಟಾಗಿ ತಿಳಿದಿಲ್ಲ.

ನೆಲಮಾಳಿಗೆಯ ಮನೆ

ಚೆಕಾವ್ ಹುಟ್ಟಿದ್ದು 1860ರಲ್ಲಿ, ದಕ್ಷಿಣ ರಷ್ಯಾದ ತಗನ್‌ರೋಗ್ ಎಂಬ ಬಂದರು ಪಟ್ಟಣದಲ್ಲಿ. ಅಜ್ಜ ಜೀತದಾಳಾಗಿದ್ದು, 1841ರಲ್ಲಿ ಹಣ ತೆತ್ತು ತನ್ನ ಕುಟುಂಬವನ್ನು ಬಿಡಿಸಿಕೊಂಡವನು. ತಂದೆ ಪಾವೆಲ್ ದಿನಸಿ ಅಂಗಡಿ ಇಟ್ಟಿದ್ದ. ವ್ಯಾಪಾರ ಮುಳುಗಿ, 1876ರಲ್ಲಿ ಸಾಲಗಾರರ ಕಣ್ಣು ತಪ್ಪಿಸಿ ಮಾಸ್ಕೋಗೆ ಹೋದ. ಹದಿನಾರರ ಆಂಟನ್ ಮಾತ್ರ ಮೂರು ವರ್ಷ ಊರಲ್ಲೇ ಉಳಿದು, ಮನೆಪಾಠ ಹೇಳಿ ಬದುಕಿ ಹೈಸ್ಕೂಲು ಮುಗಿಸಿದ.

1879ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಸೇರಲು ಬಂದಾಗ ಆತನ ಬಳಿ ಇದ್ದ ಆಸ್ತಿ, ತಗನ್‌ರೋಗ್ ಪುರಸಭೆ ಮಂಜೂರು ಮಾಡಿದ ತಿಂಗಳಿಗೆ 25 ರೂಬಲ್ ವಿದ್ಯಾರ್ಥಿವೇತನ ಮತ್ತು ಬಾಡಿಗೆ ಹಂಚಿಕೊಳ್ಳಲು ಕರೆತಂದಿದ್ದ ಊರಿನ ಗೆಳೆಯರು. ಸಂಸಾರ ಇದ್ದದ್ದು ಗ್ರಾಚೆವ್ಕಾ ಎಂಬ ಕುಖ್ಯಾತ ಬೀದಿಯ ಒಂದು ನೆಲಮಾಳಿಗೆಯಲ್ಲಿ. ಕಿಟಕಿಯಿಂದ ಕಾಣುತ್ತಿದ್ದುದು ದಾರಿಹೋಕರ ಕಾಲುಗಳು ಮಾತ್ರ. ತಂದೆಗೆ ಒಂದು ಉಗ್ರಾಣದಲ್ಲಿ ಗುಮಾಸ್ತಿಕೆ, ತಿಂಗಳಿಗೆ 30 ರೂಬಲ್ ಸಂಬಳ. ಇಬ್ಬರು ಅಣ್ಣಂದಿರು ಪ್ರತಿಭಾವಂತರು. ಅಲೆಕ್ಸಾಂಡರ್ ಲೇಖಕ, ನಿಕೊಲಾಯ್ ಚಿತ್ರಕಾರ. ಇಬ್ಬರಿಗೂ ಕುಡಿತದ ಚಟ. ತಾಯಿ, ಇನ್ನೂ ಓದುತ್ತಿದ್ದ ತಂಗಿ, ತಮ್ಮಂದಿರ ಹೊಣೆ ನಿಧಾನವಾಗಿ ಮೂರನೆಯ ಮಗನ ಹೆಗಲಿಗೆ ಬಂತು.

ಸಾಲಿಗೆ ಐದು ಕೊಪೆಕ್

ಆ ಕಾಲಕ್ಕೆ ಮಾಸ್ಕೋ, ಪೀಟರ್ಸ್‌ಬರ್ಗ್‌ಗಳಲ್ಲಿ ಅಗ್ಗದ ಹಾಸ್ಯ ವಾರಪತ್ರಿಕೆಗಳು ಚೆನ್ನಾಗಿ ಖರ್ಚಾಗುತ್ತಿದ್ದವು. ಓದು ಬಲ್ಲ ಗುಮಾಸ್ತರು, ಅಂಗಡಿಕಾರರು ಅವುಗಳ ಗಿರಾಕಿಗಳು. 1880ರ ಮಾರ್ಚ್‌ನಲ್ಲಿ, ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ, ಚೆಕಾವನ ಮೊದಲ ನಗೆಬರಹ ‘ಸ್ತ್ರೆಕೊಜಾ’ ಪತ್ರಿಕೆಯಲ್ಲಿ ಅಚ್ಚಾಯಿತು. ಸಂಭಾವನೆ ಸಾಲಿಗೆ ಐದು ಕೊಪೆಕ್. ನೂರು ಕೊಪೆಕ್ಕಿಗೆ ಒಂದು ರೂಬಲ್ ಎಂದರೆ, ಇಪ್ಪತ್ತು ಸಾಲು ಬರೆದರೆ ಒಂದು ರೂಬಲ್. 1882ರ ಕೊನೆಗೆ ಪೀಟರ್ಸ್‌ಬರ್ಗಿನ ‘ಓಸ್ಕೊಲ್ಕಿ’ ಪತ್ರಿಕೆಯ ಸಂಪಾದಕ ಲೇಯ್ಕಿನ್ ಎಂಟು ಕೊಪೆಕ್ ಕೊಡಲು ಒಪ್ಪಿದ. ಆದರೆ ಕಥೆ ನೂರು ಸಾಲು ಮೀರಬಾರದು, ವಾರ ತಪ್ಪಬಾರದು, ಓದುಗ ನಗಬೇಕು. ಇದರ ಮೇಲೆ ಸೆನ್ಸಾರ್ ಅಧಿಕಾರಿಯ ಕತ್ತರಿ ಬೇರೆ.

ಹಗಲಲ್ಲಿ ಅಂಗರಚನೆಯ ಪಾಠ, ಹೆಣ ಕೊಯ್ಯುವ ಕೋಣೆ, ಆಸ್ಪತ್ರೆಯ ವಾರ್ಡು. ರಾತ್ರಿ ಎಂಟು ಕೊಪೆಕ್ಕಿನ ಸಾಲುಗಳು. ಬರೆಯಲು ಪ್ರತ್ಯೇಕ ಕೋಣೆಯೂ ಇರಲಿಲ್ಲ. 1883ರಲ್ಲಿ ಲೇಯ್ಕಿನ್‌ಗೆ ಬರೆದ ಕಾಗದವೊಂದರಲ್ಲಿ ಚೆಕಾವ್ ತನ್ನ ಸ್ಥಿತಿಯನ್ನು ನಗುತ್ತಲೇ ಬಣ್ಣಿಸಿದ್ದಾನೆ. ಎದುರಿಗೆ ಓದಬೇಕಾದ ಪಠ್ಯ ಮನಸ್ಸಾಕ್ಷಿಯನ್ನು ಚುಚ್ಚುತ್ತಿದೆ. ಪಕ್ಕದ ಕೋಣೆಯಲ್ಲಿ ಬಂದ ನೆಂಟರ ಮಗು ಅಳುತ್ತಿದೆ. ಇನ್ನೊಂದೆಡೆ ತಂದೆ ತಾಯಿಗೆ ಕಥೆ ಓದಿ ಹೇಳುತ್ತಿದ್ದಾನೆ. ಯಾರೋ ಹಾಡಿನ ಪೆಟ್ಟಿಗೆಗೆ ಕೀಲಿ ಕೊಟ್ಟಿದ್ದಾರೆ. ಈ ಗದ್ದಲದ ನಡುವೆ ಆತ ಆ ವರ್ಷ ಬರೆದ ಬರಹಗಳು ನೂರಕ್ಕೂ ಹೆಚ್ಚು. ಸಾಹೇಬನ ತಲೆಯ ಮೇಲೆ ಸೀನಿಬಿಟ್ಟ ಭಯದಲ್ಲೇ ಸತ್ತುಹೋಗುವ ಗುಮಾಸ್ತನ ಕಥೆ, ರೈಲು ನಿಲ್ದಾಣದಲ್ಲಿ ಭೇಟಿಯಾಗುವ ದಪ್ಪ ಮತ್ತು ಸಣಕಲು ಗೆಳೆಯರ ಕಥೆ ಇವೆರಡೂ ಆ ವರ್ಷದವು. ಇಂದಿಗೂ ಜಗತ್ತಿನ ಅನೇಕ ಭಾಷೆಗಳಲ್ಲಿ ಓದಲ್ಪಡುತ್ತಿರುವ ಈ ಕಥೆಗಳನ್ನು ಬರೆದವನು ನಾಳಿನ ಪರೀಕ್ಷೆಗೆ ಓದಬೇಕಾಗಿದ್ದ ವಿದ್ಯಾರ್ಥಿ.

ಈ ಬರಹಗಳಿಗೆ ಆತ ತನ್ನ ಹೆಸರನ್ನು ಹಾಕಲಿಲ್ಲ. ‘ಅಂತೋಶಾ ಚೆಕೊಂತೆ’, ‘ನನ್ನ ಅಣ್ಣನ ತಮ್ಮ’, ‘ರೋಗಿಗಳಿಲ್ಲದ ವೈದ್ಯ’ ಮುಂತಾದ ಕಾವ್ಯನಾಮಗಳ ಹಿಂದೆ ಅಡಗಿಕೊಂಡ. ಇದು ಬರೀ ತಮಾಷೆಯಲ್ಲ. ಮನೆತನದ ಹೆಸರನ್ನು ವೈದ್ಯಕೀಯಕ್ಕೆ ಮೀಸಲಿಟ್ಟಿದ್ದೇನೆ, ಸಾಹಿತ್ಯವನ್ನು ಇಂದಲ್ಲ ನಾಳೆ ಬಿಡಲೇಬೇಕು ಎಂದು 1886ರ ಆರಂಭದಲ್ಲೂ ಆತ ಮಿತ್ರನಿಗೆ ಬರೆದಿದ್ದ. ಎರಡರಲ್ಲಿ ಯಾವುದು ಉಳಿಯುವುದೆಂಬ ಬಗ್ಗೆ ಆತನ ಲೆಕ್ಕಾಚಾರವೇ ತಲೆಕೆಳಗಾಗಿತ್ತು!

ಗುರುಗಳು ಕಲಿಸಿದ್ದು

ವೈದ್ಯಕೀಯವನ್ನು ಚೆಕಾವ್ ಉಪೇಕ್ಷಿಸಿದ್ದನೆಂದು ತಿಳಿಯಬಾರದು. ಅಂದಿನ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಗೆ ಸ್ಕ್ಲಿಫಸೋವ್‌ಸ್ಕಿ, ರೋಗಚಿಕಿತ್ಸೆಗೆ ಜಖಾರಿನ್ ಮತ್ತು ಒಸ್ತ್ರೊಉಮೊವ್‌ರಂಥ ಘಟಾನುಘಟಿಗಳಿದ್ದರು. ಅದರಲ್ಲೂ ಜಖಾರಿನ್ ರೋಗಿಯನ್ನು ಪ್ರಶ್ನಿಸುವ ವಿಧಾನಕ್ಕೆ ಹೆಸರಾದವರು. ರೋಗದ ಹೆಸರು ಹಿಡಿದು ಔಷಧ ಬರೆಯುವುದಲ್ಲ. ಈತ ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ, ಎಂಥ ಕೆಲಸ ಮಾಡುತ್ತಾನೆ ಎಂದು ಒಂದೊಂದಾಗಿ ಕೇಳಿ ತಿಳಿಯಬೇಕು ಎಂಬುದು ಅವರ ಪಾಠ. ಲೇಖಕರಲ್ಲಿ ಟಾಲ್‌ಸ್ಟಾಯ್ ಹೇಗೋ ವೈದ್ಯರಲ್ಲಿ ಜಖಾರಿನ್ ಹಾಗೆ ತನಗೆ ಪ್ರಿಯರು ಎಂದು ಚೆಕಾವ್ ಮುಂದೆ ಬರೆದ.

ಇನ್ನೊಂದು ಪಾಠಶಾಲೆ ಹಳ್ಳಿಯ ಆಸ್ಪತ್ರೆ. 1864ರ ಸುಧಾರಣೆಯಿಂದ ರಷ್ಯಾದ ಗ್ರಾಮಾಂತರದಲ್ಲಿ ‘ಜೆಮ್ಸ್ತ್ವೊ’ ಎಂಬ ಸ್ಥಳೀಯ ಆಡಳಿತ ಸಂಸ್ಥೆಗಳು ಹುಟ್ಟಿ, ರೈತರಿಗಾಗಿ ಆಸ್ಪತ್ರೆ ನಡೆಸತೊಡಗಿದ್ದವು. ತಮ್ಮ ಇವಾನ್ ಶಾಲಾಮಾಸ್ತರನಾಗಿದ್ದ ವೊಸ್ಕ್ರೆಸೆನ್ಸ್ಕ್ ಪಟ್ಟಣದ ಬಳಿಯ ಚಿಕಿನೊ ಆಸ್ಪತ್ರೆಯಲ್ಲಿ ಚೆಕಾವ್ ಬೇಸಿಗೆ ರಜೆಗಳಲ್ಲಿ ಕೆಲಸ ಕಲಿತ. ರೈತರು, ಪಾದ್ರಿಗಳು, ಕಂಪೌಂಡರುಗಳು, ಪೊಲೀಸರು ಎಲ್ಲರೂ ಅಲ್ಲಿ ಕಣ್ಣಿಗೆ ಬಿದ್ದರು. ಹಲ್ಲು ಕೀಳಲು ಬಾರದ ಕಂಪೌಂಡರ್ ಚರ್ಚಿನ ಪರಿಚಾರಕನೊಬ್ಬನ ಬಾಯಿಗೆ ಚಿಮಟ ಹಾಕಿ ಪಡುವ ಪಾಡಿನ ‘ಶಸ್ತ್ರಚಿಕಿತ್ಸೆ’ (1884) ಕಥೆಯಲ್ಲಿ ಆ ಲೋಕವೇ ಇದೆ.

ಹೀಗೆ ಒಂದು ಕೆಲಸ ಇನ್ನೊಂದಕ್ಕೆ ನೀರೆರೆಯಿತು. ನೂರು ಸಾಲಿನ ಕಟ್ಟುಪಾಡು ಪೀಠಿಕೆ, ಉಪದೇಶಗಳಿಗೆ ಜಾಗ ಕೊಡಲಿಲ್ಲ. ವಾರ್ಡಿನ ಅನುಭವ ಮನುಷ್ಯನನ್ನು ತೀರ್ಪು ಕೊಡುವ ಮೊದಲು ನೋಡಬೇಕು, ಕೇಳಬೇಕು ಎಂದಿತು. ಚೆಕಾವನ ಕಥನದ ಎರಡು ದೊಡ್ಡ ಗುಣಗಳು ಇವೇ ಅಲ್ಲವೇ?

ಆದರೆ ಎರಡೂ ವೃತ್ತಿಗಳ ಕಲ್ಲೆದೆಯನ್ನು ಕೂಡ ಆತ ಕಂಡಿದ್ದ. 1886ರ ‘ಅನ್ಯುತಾ’ ಕಥೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಪಕ್ಕೆಲುಬುಗಳನ್ನು ಬಾಯಿಪಾಠ ಮಾಡಲು ತನ್ನೊಡನಿರುವ ಬಡ ಹುಡುಗಿಯ ಮೈಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾನೆ. ಚಳಿಗೆ ಅವಳ ತುಟಿ ನೀಲಿಗಟ್ಟಿದರೂ ಅವನಿಗೆ ಅರಿವಿಲ್ಲ. ಅಷ್ಟರಲ್ಲಿ ನೆರೆಯ ಚಿತ್ರಕಾರ ಬಂದು, ತನ್ನ ಚಿತ್ರಕ್ಕೆ ಅವಳನ್ನು ಎರವಲು ಕೇಳುತ್ತಾನೆ. ವಿಜ್ಞಾನ, ಕಲೆ ಎರಡಕ್ಕೂ ಅವಳು ಒಂದು ಮೈ ಮಾತ್ರ. ಹೆಣದ ಕೋಣೆಯಲ್ಲಿ ಕಲಿತು, ಚಿತ್ರಕಾರ ಅಣ್ಣನೊಡನೆ ಬಾಳಿದ ಲೇಖಕನಿಗೆ ಈ ಮಾತು ಹೇಳುವ ಹಕ್ಕಿತ್ತು.

ತೆತ್ತ ಬೆಲೆ

1884ರ ಜೂನ್‌ನಲ್ಲಿ ಚೆಕಾವ್ ವೈದ್ಯ ಪದವಿ ಪಡೆದ. ಅದೇ ವರ್ಷ ಮೊದಲ ಪುಸ್ತಕವೂ ಹೊರಬಂತು. ಬಾಗಿಲಿಗೆ ಫಲಕ ಹಾಕಿದ್ದಾಯಿತು. ರೋಗಿಗಳಲ್ಲಿ ಹಣ ಕೊಡುವವರಿಗಿಂತ ಗೆಳೆಯರೇ ಹೆಚ್ಚು. ‘ರಷ್ಯಾದಲ್ಲಿ ವೈದ್ಯವೃತ್ತಿ’ ಎಂಬ ದೊಡ್ಡ ಪ್ರಬಂಧ ಬರೆದು ಉನ್ನತ ಪದವಿ ಗಳಿಸಬೇಕೆಂದು ಹಳೆಯ ಗ್ರಂಥಗಳನ್ನು ಓದಿ ಟಿಪ್ಪಣಿ ಕೂಡಿಹಾಕಿದ. ಸಾಲಿಗಿಷ್ಟು ಎಂಬ ದುಡಿಮೆಯ ನಡುವೆ ಅದು ಮುಗಿಯಲೇ ಇಲ್ಲ. 1885ರ ಕೊನೆಗೆ ಚಿತ್ರಕಾರ ಗೆಳೆಯನೊಬ್ಬನ ಮನೆಯವರಿಗೆ ವಿಷಮಜ್ವರ ತಗುಲಿತು. ಚೆಕಾವ್ ಚಿಕಿತ್ಸೆ ನೀಡಿದರೂ ತಾಯಿ ಮತ್ತು ಒಬ್ಬ ಮಗಳು ತೀರಿಕೊಂಡರು. ಮಗಳು ಸಾಯುವಾಗ ವೈದ್ಯನ ಕೈಯನ್ನೇ ಹಿಡಿದಿದ್ದಳು. ಆ ನಂತರ ಬಾಗಿಲ ಫಲಕ ಕೆಳಗಿಳಿಯಿತೆಂದು ತಮ್ಮ ಮಿಖಾಯಿಲ್ ತನ್ನ ನೆನಪುಗಳಲ್ಲಿ ಹೇಳಿದ್ದಾನೆ.

ಬೆಲೆ ಮೈಯೂ ತೆತ್ತಿತು. ಪದವಿ ಪಡೆದ ವರ್ಷದ ಡಿಸೆಂಬರಿನಲ್ಲೇ, ಬ್ಯಾಂಕ್ ಹಗರಣವೊಂದರ ವಿಚಾರಣೆಯನ್ನು ಪತ್ರಿಕೆಗೆ ವರದಿ ಮಾಡುತ್ತಿದ್ದ ದಿನಗಳಲ್ಲಿ, ಕೆಮ್ಮಿದಾಗ ರಕ್ತ ಬಂತು. ಗಂಟಲ ನಾಳ ಒಡೆದಿರಬೇಕೆಂದು ವೈದ್ಯ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೇರೆ ರೋಗಿಯಲ್ಲಿ ಕಂಡಿದ್ದರೆ ಆತ ಹಾಗೆ ಹೇಳುತ್ತಿರಲಿಲ್ಲ.

ಆ ಹೊತ್ತಿಗೆ, 1886ರ ಮಾರ್ಚ್‌ನಲ್ಲಿ, ಹಿರಿಯ ಕಾದಂಬರಿಕಾರ ಗ್ರಿಗರೋವಿಚ್ ಅವರಿಂದ ಪತ್ರ ಬಂತು: ನಿಮ್ಮಲ್ಲಿ ನಿಜವಾದ ಪ್ರತಿಭೆಯಿದೆ, ಅವಸರದ ಬರವಣಿಗೆ ಬಿಡಿ, ಹಸಿವಿದ್ದರೂ ಸಹಿಸಿಕೊಳ್ಳಿ. ಯಾವ ಕಥೆಗೂ ಒಂದು ದಿನಕ್ಕಿಂತ ಹೆಚ್ಚು ಸಮಯ ಕೊಟ್ಟ ನೆನಪಿಲ್ಲ, ಬೆಂಕಿ ಅನಾಹುತದ ಸುದ್ದಿ ಬರೆಯುವ ವರದಿಗಾರರಂತೆ ಬರೆದೆ ಎಂದು ಚೆಕಾವ್ ತಪ್ಪೊಪ್ಪಿಕೊಂಡ. ಎರಡು ಮೊಲಗಳ ಗಾದೆ ಬರುವುದು ಇದೇ ಉತ್ತರದಲ್ಲಿ. ಹಸಿವು ಸಹಿಸುವ ಸಲಹೆ ಒಂಟಿಗನಿಗೆ ಸರಿ. ಆತನ ಲೇಖನಿಯನ್ನು ನೆಚ್ಚಿ ಒಂದು ಸಂಸಾರವೇ ಇತ್ತು. ಆದರೂ ಬರವಣಿಗೆಯ ವೇಗ ಕಡಿಮೆಯಾಯಿತು, ಕಥೆಗಳು ಗಾಢವಾದವು. 1888ರಲ್ಲಿ ಪುಷ್ಕಿನ್ ಪ್ರಶಸ್ತಿ ಬಂತು.

ಹೆಂಡತಿ, ಪ್ರೇಯಸಿ

ಆ ವರ್ಷವೇ ಸಂಪಾದಕ ಮಿತ್ರ ಸುವೋರಿನ್, ಎರಡರ ಬೆನ್ನು ಹತ್ತಬೇಡ ಎಂದಾಗ, ವೈದ್ಯಕೀಯ ನನ್ನ ಧರ್ಮಪತ್ನಿ, ಸಾಹಿತ್ಯ ಪ್ರೇಯಸಿ. ಒಬ್ಬಳಿಂದ ಬೇಸರವಾದರೆ ಇನ್ನೊಬ್ಬಳ ಮನೆಗೆ ಹೋಗುತ್ತೇನೆ ಎಂಬರ್ಥದ ಮಾತನ್ನು ಚೆಕಾವ್ ಬರೆದ. ಈ ಚಮತ್ಕಾರ ಲೋಕಪ್ರಸಿದ್ಧವಾಯಿತು. ನಿಜವಾಗಿ ಮದುವೆಯಾದದ್ದು ಮಾತ್ರ 1901ರಲ್ಲಿ, ಸಾವಿಗೆ ಮೂರು ವರ್ಷ ಮುಂಚೆ. ಎರಡು ವೃತ್ತಿ, ಒಂದು ಸಂಸಾರದ ಭಾರದಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಆತನ ಸ್ವಂತ ಬಾಳು.

ಧರ್ಮಪತ್ನಿಯನ್ನಂತೂ ಆತ ಕೈಬಿಡಲಿಲ್ಲ. 1890ರಲ್ಲಿ ಸಖಾಲಿನ್ ದ್ವೀಪದ ಕೈದಿಗಳ ಸ್ಥಿತಿ ತಿಳಿಯಲು ಸೈಬೀರಿಯ ದಾಟಿ ಹೋದ. ವೈದ್ಯಕೀಯಕ್ಕೆ ತನ್ನ ಋಣ ಸಲ್ಲಿಸುವುದು ಅದರ ಒಂದು ಉದ್ದೇಶ. 1892ರಲ್ಲಿ ಕಾಲರಾ ಭೀತಿ ಎದ್ದಾಗ ಮೆಲಿಖೊವೊ ಸುತ್ತಲಿನ 25 ಹಳ್ಳಿ, ನಾಲ್ಕು ಕಾರ್ಖಾನೆ, ಒಂದು ಮಠದ ಹೊಣೆ ಹೊತ್ತು ಸಂಬಳವಿಲ್ಲದೆ ದುಡಿದ.

ಕನ್ನಡದಲ್ಲೂ ಇಂಥ ಜೋಡಿ ಬಾಳಿನ ಪರಂಪರೆಯಿದೆ. ಬೆಂಗಳೂರಿನಲ್ಲಿ ವೈದ್ಯರಾಗಿದ್ದುಕೊಂಡೇ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಆರಂಭಿಸಿದ ರಾಶಿ, ವೈದ್ಯೆಯಾಗಿ ಕಾದಂಬರಿಗಳನ್ನೂ ಬರೆದ ಅನುಪಮಾ ನಿರಂಜನ ಅವರನ್ನು ನಮ್ಮ ಓದುಗರು ಮರೆತಿಲ್ಲ.

1897ರಲ್ಲಿ ಚೆಕಾವನ ಶ್ವಾಸಕೋಶದಿಂದ ತೀವ್ರ ರಕ್ತಸ್ರಾವವಾಯಿತು. ಸೇರಿಸಿದ್ದು ಆತನ ಗುರು ಒಸ್ತ್ರೊಉಮೊವ್ ಅವರ ಚಿಕಿತ್ಸಾಲಯಕ್ಕೇ. ಹದಿಮೂರು ವರ್ಷ ತಾನು ಒಪ್ಪದಿದ್ದ ಕ್ಷಯರೋಗವನ್ನು ಅಲ್ಲಿ ಒಪ್ಪಲೇಬೇಕಾಯಿತು. ಎರಡು ವರ್ಷಗಳ ಅನಂತರ, ಜೊತೆಗೆ ಓದಿದ ವೈದ್ಯರ ಸ್ಮರಣಸಂಚಿಕೆಗಾಗಿ ಸಹಪಾಠಿಯೊಬ್ಬ ಆತ್ಮಪರಿಚಯ ಕೇಳಿದ. ವೈದ್ಯಕೀಯವನ್ನು ಏಕೆ ಆರಿಸಿಕೊಂಡೆನೋ ನೆನಪಿಲ್ಲ, ಆದರೆ ಎಂದೂ ಪಶ್ಚಾತ್ತಾಪ ಪಡಲಿಲ್ಲ. ಅದು ನಾನು ನೋಡಬಲ್ಲ ಲೋಕವನ್ನು ಹಿಗ್ಗಿಸಿತು ಎಂದು ಚೆಕಾವ್ ಬರೆದುಕೊಟ್ಟ. 1904ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ ತೀರಿಕೊಂಡ. ಎರಡು ಮೊಲಗಳೂ ಆತನಿಗೆ ಸಿಕ್ಕಿದ್ದವು. ಓಟ ಮಾತ್ರ ಬೇಗ ಮುಗಿದುಹೋಗಿತ್ತು.