ಮುರಿದ ಸೊಂಟದ ಪಾಠ

ಗಾಲ್ಫ್ ನೋಡುವವರ ಕಣ್ಣು ಸಾಮಾನ್ಯವಾಗಿ ಆಟಗಾರನ ಕೈಗಳ ಮೇಲಿರುತ್ತದೆ. ಚೆಂಡು ಹಾರುವುದು ತೋಳ್ಬಲದಿಂದ ಎಂದೇ ನಮ್ಮ ಭಾವನೆ. ಹೊಳೆಯಲ್ಲಿ ಬೀಸುಬಲೆ ಎಸೆಯುವವರನ್ನು ಗಮನಿಸಿದವರಿಗೆ ಇದು ಪೂರ್ತಿ ನಿಜವಲ್ಲವೆಂದು ಗೊತ್ತಿರುತ್ತದೆ. ಬಲೆ ಬಿಡುವುದು ಕೈ. ಅದನ್ನು ಅಗಲವಾಗಿ ಹರಡುವ ಶಕ್ತಿ ಮಾತ್ರ ಊರಿದ ಪಾದದಿಂದ, ತಿರುಗುವ ಸೊಂಟದಿಂದ ಬರುತ್ತದೆ. ಗಾಲ್ಫ್‌ನಲ್ಲಿ ಈ ಮಾತನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಬರೆದವನು ಬೆನ್ ಹೋಗನ್. ಬರೆಯುವ ಎಂಟು ವರ್ಷ ಮೊದಲೇ ಅವನ ಸೊಂಟದ ಮೂಳೆ ಮುರಿದಿತ್ತು.

ಮೊದಲು ಕ್ಲಬ್ಬಿನ ಕೋಲಿನ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಹಿಕರಿ ಮರದ ಕೋಲು ಜೋರಾಗಿ ಬೀಸಿದರೆ ಬಾಗುವುದಷ್ಟೇ ಅಲ್ಲ, ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತಿತ್ತು. ಚೆಂಡಿಗೆ ತಗಲುವ ಹೊತ್ತಿಗೆ ಅದರ ತಲೆಯನ್ನು ನೇರಕ್ಕೆ ತರುವ ಕೆಲಸ ಮಣಿಕಟ್ಟು, ಬೆರಳುಗಳದ್ದು. ಹ್ಯಾರಿ ವಾರ್ಡನ್, ಬಾಬಿ ಜೋನ್ಸ್ ಮೈ ತಿರುಗಿಸುತ್ತಿರಲಿಲ್ಲ ಎಂದಲ್ಲ. ಆದರೆ ಆ ಕಾಲದ ಸ್ವಿಂಗ್‌ನ ಜೀವ ಕೈಯ ನಯದಲ್ಲಿತ್ತು. ಉಕ್ಕಿನ ಕೋಲಿಗೆ ಅಮೆರಿಕದಲ್ಲಿ 1924ರಲ್ಲಿ, ಬ್ರಿಟನ್ನಿನಲ್ಲಿ 1929ರಲ್ಲಿ ಒಪ್ಪಿಗೆ ಸಿಕ್ಕಿತು. ಉಕ್ಕು ಅಷ್ಟು ತಿರುಚುವುದಿಲ್ಲ. ಹಾಗಾಗಿ ಕಾಲು, ಸೊಂಟ, ಬೆನ್ನಿನ ದೊಡ್ಡ ಸ್ನಾಯುಗಳಿಗೆ ಕೆಲಸ ವಹಿಸುವುದು ಸಾಧ್ಯವಾಯಿತು. ಇದನ್ನು ಮೊದಲು ಕೈವಶ ಮಾಡಿಕೊಂಡವರಲ್ಲಿ ಬೈರನ್ ನೆಲ್ಸನ್ ಮುಖ್ಯ. 1945ರಲ್ಲಿ ಅವನು ಸತತ 11 ಪಂದ್ಯಾವಳಿ ಗೆದ್ದ.

ನೆಲ್ಸನ್ ಮತ್ತು ಹೋಗನ್ ಟೆಕ್ಸಾಸಿನ ಒಂದೇ ಕ್ಲಬ್ಬಿನಲ್ಲಿ ಆಟಗಾರರ ಚೀಲ ಹೊರುತ್ತ ಬೆಳೆದ ಹುಡುಗರು. ಹೋಗನ್‌ನ ತಂದೆ ಕಮ್ಮಾರ. ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ಆತ್ಮಹತ್ಯೆ ಮಾಡಿಕೊಂಡ. ನೆಲ್ಸನ್‌ಗೆ ಬೇಗ ಒಲಿದ ಆಟ ಹೋಗನ್‌ಗೆ ಒಲಿಯಲಿಲ್ಲ. ಅವನು ಹೊಡೆದ ಚೆಂಡು ಎಡಕ್ಕೆ ಹೊರಳಿ ಹಾಳಾಗುತ್ತಿತ್ತು. ಒಬ್ಬನೇ ಗೆದ್ದ ಮೊದಲ ವೃತ್ತಿಪರ ಪಂದ್ಯಾವಳಿ ಬಂದದ್ದು 1940ರಲ್ಲಿ. ಅಲ್ಲಿಯವರೆಗೂ, ಆಮೇಲೂ, ಅವನು ದಿನಗಟ್ಟಲೆ ಅಭ್ಯಾಸ ಮಾಡಿದ. 1948ರಲ್ಲಿ ಅಮೆರಿಕನ್ ಓಪನ್ ಗೆದ್ದ.

1949ರ ಫೆಬ್ರವರಿ 2. ಟೆಕ್ಸಾಸಿನ ವಾನ್ ಹಾರ್ನ್ ಬಳಿ, ಮಂಜು ಕವಿದ ರಸ್ತೆಯಲ್ಲಿ, ಲಾರಿಯನ್ನು ಹಿಂದಿಕ್ಕಲು ಬಂದ ಬಸ್ಸು ಹೋಗನ್‌ನ ಕಾರಿಗೆ ಎದುರಾಯಿತು. ಪಕ್ಕದಲ್ಲಿದ್ದ ಹೆಂಡತಿ ವ್ಯಾಲೆರಿಯನ್ನು ಕಾಪಾಡಲು ಅವನು ಅವಳ ಮೇಲೆ ಅಡ್ಡಬಿದ್ದ. ಸ್ಟಿಯರಿಂಗ್ ಕಂಬ ಚಾಲಕನ ಸೀಟಿಗೇ ನುಗ್ಗಿತ್ತು. ಹೆಂಡತಿಯನ್ನು ಉಳಿಸಲು ಹೋಗಿ ಅವನೂ ಉಳಿದ. ಸೊಂಟದ ಮೂಳೆ, ಕೊರಳೆಲುಬು, ಕಣಕಾಲು, ಪಕ್ಕೆಲುಬು ಮುರಿದಿದ್ದವು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗತೊಡಗಿದಾಗ ವೈದ್ಯರು ಕಾಲುಗಳಿಂದ ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆಯನ್ನೇ ಕಟ್ಟಿದರು. ಜೀವ ಉಳಿಯಿತು, ಆದರೆ ಕಾಲು ಊದುವುದು, ನೋಯುವುದು ಕೊನೆಯವರೆಗೂ ತಪ್ಪಲಿಲ್ಲ.

ಹದಿನಾರು ತಿಂಗಳ ನಂತರ, 1950ರ ಜೂನ್‌ನಲ್ಲಿ, ಮೆರಿಯನ್‌ನಲ್ಲಿ ಅಮೆರಿಕನ್ ಓಪನ್ ನಡೆಯಿತು. ಆಗ ಕೊನೆಯ ದಿನ ಒಂದೇ ಸಮನೆ 36 ಕುಳಿಗಳ ಆಟ. ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಹೋಗನ್ ನಡೆದ. ಹದಿನೆಂಟನೆಯ ಕುಳಿಗೆ ಬರುವಾಗ ಮುನ್ನಡೆ ಕರಗಿತ್ತು. ಹೊಡೆಯಲು ಕಷ್ಟವೆಂದು ಹೆಸರಾದ ಒಂದನೇ ನಂಬರಿನ ಐರನ್ ಕ್ಲಬ್ಬಿನಿಂದ ಚೆಂಡನ್ನು ಹಸಿರಂಗಳಕ್ಕೆ ಸೇರಿಸಿ ಸಮಬಲ ಸಾಧಿಸಿದ. ಆ ಕ್ಷಣವನ್ನು ಹೈ ಪೆಸ್ಕಿನ್ ಹಿಂದಿನಿಂದ ಸೆರೆಹಿಡಿದ ಚಿತ್ರ ಪ್ರಸಿದ್ಧ: ಮೈಯ ಭಾರವೆಲ್ಲ ಎಡಗಾಲಿಗೆ ದಾಟಿದೆ, ಬಲಗಾಲು ತುದಿಬೆರಳ ಮೇಲೆ ನಿಂತಿದೆ, ಸೊಂಟ ಪೂರ್ತಿ ಗುರಿಯತ್ತ ತಿರುಗಿದೆ. ಎಲ್ಲೂ ತತ್ತರಿಸಿದ ಗುರುತಿಲ್ಲ. ಮರುದಿನದ ಪ್ಲೇಆಫ್‌ನಲ್ಲಿ 69 ಹೊಡೆತಗಳಲ್ಲಿ ಗೆದ್ದ. ಅವನ ಒಂಬತ್ತು ಮೇಜರ್ ಪ್ರಶಸ್ತಿಗಳಲ್ಲಿ ಆರು ಬಂದದ್ದು ಅಪಘಾತದ ನಂತರ.

1957ರಲ್ಲಿ ಹರ್ಬರ್ಟ್ ವಾರೆನ್ ವಿಂಡ್ ಜೊತೆ ಬರೆದ ‘ಫೈವ್ ಲೆಸನ್ಸ್’ ಪುಸ್ತಕ ಪಾದದಿಂದಲೇ ಲೆಕ್ಕ ಹಾಕುತ್ತದೆ. ಬಲಪಾದ ಗುರಿಯ ಗೆರೆಗೆ ಲಂಬವಾಗಿರಬೇಕು, ಎಡಪಾದ ಸ್ವಲ್ಪ ಹೊರಕ್ಕೆ ತಿರುಗಿರಬೇಕು. ಬಲಪಾದ ನೇರವಿದ್ದರೆ ಹಿಂಬೀಸಿನಲ್ಲಿ ಸೊಂಟ ಅತಿಯಾಗಿ ತಿರುಗದು. ಭುಜ ಸೊಂಟಕ್ಕಿಂತ ಬಹಳ ಹೆಚ್ಚು ತಿರುಗಬೇಕು. ಈ ವ್ಯತ್ಯಾಸದಲ್ಲೇ ಬಿಗಿ ಹುಟ್ಟುತ್ತದೆ. ಹಿಂದಕ್ಕೆ ಹೋಗುವಾಗ ಕೈ, ತೋಳು, ಭುಜ, ಆಮೇಲೆ ಸೊಂಟ. ಕೆಳಗಿಳಿಯುವಾಗ ಮೊದಲು ಸೊಂಟ. ಕೈ ಮುಂದಾಳಾಗಲು ಹೋದರೆ ಎಲ್ಲ ಕೆಟ್ಟಿತು.

ಈ ಪಾಠಕ್ಕೆ ಬೆಲೆಯೂ ಇದೆ. ಬಿಗಿ ಹೆಚ್ಚಿಸುವ ಆಸೆಯಲ್ಲಿ ಮುಂದಿನ ಪೀಳಿಗೆಗಳ ಎಷ್ಟೋ ಆಟಗಾರರ ಬೆನ್ನು ಸೋತಿತು. ಟೈಗರ್ ವುಡ್ಸ್ 2017ರಲ್ಲಿ ಬೆನ್ನೆಲುಬಿನ ಮೂಳೆಗಳನ್ನು ಬೆಸೆಯಿಸಿಕೊಂಡು, 2019ರಲ್ಲಿ ಮಾಸ್ಟರ್ಸ್ ಗೆದ್ದ. ಹೋಗನ್ ಕಲಿಸಿದ್ದು ಬರಿ ತಿರುಗುವುದನ್ನಲ್ಲ, ಎಷ್ಟು ತಿರುಗಿದರೆ ನೆಲದ ಮೇಲೆ ನಿಲ್ಲಬಹುದು ಎಂಬುದನ್ನೂ. ನಿಲ್ಲುವುದು ಸುಲಭವಲ್ಲವೆಂದು ಅವನಷ್ಟು ತಿಳಿದವರು ಕಡಿಮೆ. ಮೆರಿಯನ್‌ನ ಹದಿನೆಂಟನೆಯ ಅಂಗಳದಲ್ಲಿ ಆ ದಿನ ಅವನು ನಿಂತು ಹೊಡೆದ ಜಾಗದಲ್ಲಿ ಇಂದಿಗೂ ಒಂದು ಪುಟ್ಟ ಫಲಕವಿದೆ.