ಅಭಿಜಿತ್‌ನಿಂದ ಆಕಾಶಗಂಗೆಯವರೆಗೆ

ಬೆಟ್ಟದ ಮೇಲೆ ಗುಡಾರ ಹೂಡಿ ಇರುಳಿನ ಆಕಾಶವನ್ನು ಮೊದಲ ಸಲ ಕ್ಯಾಮೆರಾದಲ್ಲಿ ಸೆರೆಹಿಡಿಯಲು ಹೊರಟವರಿಗೆ ಎದುರಾಗುವ ತೊಡಕುಗಳು, ಅಂದರೆ ಸಾಲದ ಬೆಳಕು ಮತ್ತು ನಿಲ್ಲದೆ ಜರುಗುವ ನಕ್ಷತ್ರಗಳು, ಹತ್ತೊಂಬತ್ತನೆಯ ಶತಮಾನದ ಖಗೋಳಜ್ಞರನ್ನು ದಶಕಗಳ ಕಾಲ ಕಾಡಿದ ತೊಡಕುಗಳೇ ಆಗಿವೆ. 1839ರಲ್ಲಿ ಪ್ರಕಟವಾದ ಡಾಗೆರೋಟೈಪ್ ವಿಧಾನದಲ್ಲಿ, ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಅಯೋಡಿನ್ ಹಬೆಗೆ ಒಡ್ಡಿ ಬೆಳಕಿಗೆ ಸಂವೇದಿಯಾಗಿಸಿ, ಚಿತ್ರ ಬಿದ್ದ ಮೇಲೆ ಪಾದರಸದ ಹಬೆಯಿಂದ ಅದನ್ನು ಮೂಡಿಸಲಾಗುತ್ತಿತ್ತು. ಆ ತಗಡಿನ ಮೇಲೆ ಚಂದ್ರನನ್ನು ಮೂಡಿಸಲು 1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್‌ಗೆ ಸುಮಾರು 20 ನಿಮಿಷ ಬೇಕಾಯಿತು. ಸೂರ್ಯನನ್ನು ಬಿಟ್ಟರೆ ಛಾಯಾಚಿತ್ರಕ್ಕೆ ಸಿಕ್ಕ ಮೊದಲ ನಕ್ಷತ್ರ, ನಮ್ಮ ಪಂಚಾಂಗಗಳಲ್ಲಿ ಅಭಿಜಿತ್ ಎನಿಸಿಕೊಂಡಿರುವ ವೇಗಾ. 1850ರ ಜುಲೈನಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಬಾಂಡ್ ಮತ್ತು ಛಾಯಾಗ್ರಾಹಕ ವಿಪಲ್ ಅದನ್ನು ತಗಡಿಗಿಳಿಸಿದರು.

ಮುಂದೆ ಬಂದ ಒದ್ದೆ ಕೊಲೋಡಿಯನ್ ಗಾಜಿನ ಫಲಕವು ಹೆಚ್ಚು ಚುರುಕಾಗಿತ್ತಾದರೂ, ಲೇಪ ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿದ್ದುದರಿಂದ, ಬಯಲಿಗೆ ಹೋದವರು ಕತ್ತಲೆಕೋಣೆಯನ್ನೂ ಜೊತೆಗೆ ಹೊತ್ತೊಯ್ಯಬೇಕಿತ್ತು. 1868ರಲ್ಲಿ ಗುಂಟೂರಿನಲ್ಲಿಯೂ, 1871ರಲ್ಲಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದಲ್ಲಿಯೂ ಬೀಡುಬಿಟ್ಟ ಗ್ರಹಣ ವೀಕ್ಷಕರು ಚಿತ್ರ ತೆಗೆದದ್ದು ಈ ಒದ್ದೆ ಫಲಕಗಳ ಕಾಲದಲ್ಲಿಯೇ. ಗ್ರಹಣದ ಕೆಲವು ನಿಮಿಷಗಳಿಗೆ ಅವು ಸಾಕಾದವು. ಮಂಕಾದ ನಕ್ಷತ್ರಕ್ಕೆ ಗಂಟೆಗಟ್ಟಲೆ ತೆರೆದಿಡಲು ಮಾತ್ರ ಒಣ ಜೆಲಟಿನ್ ಫಲಕವೇ ಬರಬೇಕಾಯಿತು. ಕಣ್ಣು ಬೆಳಕನ್ನು ಕ್ಷಣಕ್ಷಣಕ್ಕೂ ಕಂಡು ಕಳೆಯುತ್ತದೆ, ಫಲಕವಾದರೋ ಬಿದ್ದುದನ್ನೆಲ್ಲ ಕೂಡಿಡುತ್ತದೆ. 1880ರಲ್ಲಿ ಹೆನ್ರಿ ಡ್ರೇಪರ್ ಮಹಾವ್ಯಾಧದ ನೀಹಾರಿಕೆಗೆ 51 ನಿಮಿಷ ಫಲಕವನ್ನು ಒಡ್ಡಿದನು. 1883ರಲ್ಲಿ ಆಂಡ್ರೂ ಕಾಮನ್ ತೆಗೆದ ಅದೇ ನೀಹಾರಿಕೆಯ ಚಿತ್ರದಲ್ಲಿ, ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಮೂಡಿದ್ದವು.

ಆದರೆ ಈ ಕಲೆಯ ನಿಜವಾದ ತಿರುವು ದೊಡ್ಡ ದೂರದರ್ಶಕದಿಂದ ಬರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1882ರ ಮಹಾಧೂಮಕೇತು ದಕ್ಷಿಣ ಆಫ್ರಿಕದ ಕೇಪ್ ವೀಕ್ಷಣಾಲಯದ ಆಕಾಶದಲ್ಲಿ ಬೆಳಗುತ್ತಿದ್ದಾಗ, ಡೇವಿಡ್ ಗಿಲ್ ಸ್ಥಳೀಯ ಛಾಯಾಗ್ರಾಹಕನೊಬ್ಬನ ನೆರವಿನಿಂದ, ಮನುಷ್ಯರ ಮುಖಗಳನ್ನು ತೆಗೆಯಲೆಂದೇ ಮಾಡಿದ್ದ ಸಾಧಾರಣ ಕ್ಯಾಮೆರಾವೊಂದನ್ನು ದೂರದರ್ಶಕದ ಬೆನ್ನಿಗೆ ಕಟ್ಟಿದನು. ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ತಿರುಗುತ್ತ ಆಕಾಶದ ಚಲನೆಯನ್ನು ಅನುಸರಿಸುವ ದೂರದರ್ಶಕದ ಆಧಾರವೇ ಕ್ಯಾಮೆರಾವನ್ನೂ ಒಯ್ದಿತು. ಧೂಮಕೇತುವಿನ ಹಿಂದೆ ಲೆಕ್ಕವಿಲ್ಲದಷ್ಟು ನಕ್ಷತ್ರಗಳು ಬಂದು ನಿಂತುದನ್ನು ಕಂಡ ಗಿಲ್, ನಕ್ಷತ್ರಗಳ ಪಟ್ಟಿಯನ್ನೇ ಹೀಗೆ ತಯಾರಿಸಬಹುದೆಂದು ಅರಿತನು. ಅವನ ಫಲಕಗಳನ್ನು ಹಾಲೆಂಡಿನಲ್ಲಿ ಕುಳಿತು ಅಳೆದ ಖಗೋಳಜ್ಞ ಕಾಪ್ಟೇಯ್ನ್, 4,54,875 ನಕ್ಷತ್ರಗಳ ಸ್ಥಾನಗಳನ್ನು ಗುರುತಿಸಿದನು. 1887ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸಮಗ್ರ ಆಕಾಶ ನಕ್ಷೆಯ ಯೋಜನೆಯಲ್ಲಿ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಮುಂದೆ ಪಾಲ್ಗೊಂಡು, ದಕ್ಷಿಣಾಕಾಶದ ಒಂದು ವಲಯದ ಹೊಣೆ ಹೊತ್ತಿತು. ಬಾಲ್ಯದಲ್ಲಿ ನ್ಯಾಶ್‌ವಿಲ್‌ನ ಛಾಯಾಚಿತ್ರ ಮಳಿಗೆಯಲ್ಲಿ ದುಡಿದಿದ್ದ ಖಗೋಳಜ್ಞ ಬರ್ನಾರ್ಡ್, 1889ರಲ್ಲಿ ಲಿಕ್ ವೀಕ್ಷಣಾಲಯದಿಂದ ಆಕಾಶಗಂಗೆಯ ಮೋಡಗಳನ್ನು ಹಿಡಿದದ್ದೂ ಅಂಥದೇ ಭಾವಚಿತ್ರದ ಮಸೂರದಿಂದ.

ಕರ್ನಾಟಕದ ಬೆಟ್ಟಗಳಲ್ಲಿ ಇರುಳಿನ ಆಕಾಶವನ್ನು ಸೆರೆಹಿಡಿಯುವ ಈ ಕೆಲಸಕ್ಕೆ ತನ್ನದೇ ಆದ ಸ್ವಭಾವವಿದೆ. ಬೆಂಗಳೂರಿನ ಸುತ್ತ ಧ್ರುವ ನಕ್ಷತ್ರವು ದಿಗಂತದಿಂದ ಕೇವಲ 13 ಡಿಗ್ರಿ ಎತ್ತರದಲ್ಲಿದ್ದು, ಮರದ ತಲೆ ಅಥವಾ ಮಂಜಿನ ಮರೆಗೆ ಸುಲಭವಾಗಿ ಸರಿಯುವುದರಿಂದ, ಅನುಸರಿಸುವ ಆಧಾರವನ್ನು ಅದರ ನೇರಕ್ಕೆ ಹೊಂದಿಸುವುದು ಕಷ್ಟ. ಲಂಡನ್ನಿನಲ್ಲಿ ಹತ್ತು ಡಿಗ್ರಿಯನ್ನೂ ಮುಟ್ಟದ ಆಕಾಶಗಂಗೆಯ ಕೇಂದ್ರಭಾಗ ಮಾತ್ರ ಇಲ್ಲಿ 48 ಡಿಗ್ರಿಯವರೆಗೆ ಏರುತ್ತದೆ. ಮಳೆಗಾಲ ಹಿಡಿಯುವ ಮೊದಲು, ಮಾರ್ಚ್ ಏಪ್ರಿಲ್ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ, ಬೆಳಗಿನ ಜಾವಕ್ಕೆ ಧನು ರಾಶಿ ಮೇಲೇರಿದಾಗ, ಮುಕ್ಕಾಲಿಯ ಮೇಲೆ ನಿಲ್ಲಿಸಿದ 20 ಮಿಲಿಮೀಟರ್ ಮಸೂರವನ್ನು ಸುಮಾರು 25 ಸೆಕೆಂಡು ತೆರೆದಿಟ್ಟರೆ ನಕ್ಷತ್ರಗಳು ಹೆಚ್ಚುಕಡಿಮೆ ಚುಕ್ಕೆಗಳಾಗಿಯೇ ಉಳಿಯುತ್ತವೆ. ಅದಕ್ಕೂ ಹೆಚ್ಚು ಹೊತ್ತು ತೆರೆದಿಟ್ಟರೆ, ಗಂಟೆಗೆ 15 ಡಿಗ್ರಿಯಂತೆ ಸಾಗುವ ಆಕಾಶವು ಅವನ್ನು ಗೆರೆಗಳಾಗಿ ಎಳೆಯುತ್ತದೆ.